ಮಜ್ದಾ ಕಾರೆಂದರೆ ಕೆಲವರು ಏಕೆ ಪ್ರಾಣ ಬಿಡುತ್ತಾರೆ?

ಮೆಲ್ಬರ್ನ್‌ನಲ್ಲಿರುವ ಶಿವಮೊಗ್ಗದವಳು:

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ಗೆ ಬಂದು ಹದಿನಾಲ್ಕು ತಿಂಗಳಾಯಿತು. ಮಗಳ ಶಾಲೆ ಒಂದು ದಿಕ್ಕು, ನನ್ನ ಕೆಲಸ ಇನ್ನೊಂದು ದಿಕ್ಕು. ಇನ್ನು ಕಾರಿಲ್ಲದೆ ಆಗುವುದಿಲ್ಲ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಅವರ ಬಳಿ ಎರಡೇ ಸೀಟಿನ, ಮೇಲ್ಛಾವಣಿ ಮಡಚಿಡಬಹುದಾದ ಒಂದು ಕೆಂಪು ಪುಟ್ಟ ಕಾರಿದೆ, 1990ರದ್ದು. ಶನಿವಾರ ಬೆಳಿಗ್ಗೆ ಅವರು ಅದನ್ನು ತೊಳೆಯುವುದನ್ನು ನೋಡಿದರೆ ನಮ್ಮಜ್ಜಿ ಹಸುವಿನ ಮೈ ತಿಕ್ಕುತ್ತಿದ್ದುದು ನೆನಪಾಗುತ್ತದೆ. ಅದರ ಮುಂದಿನ ದೀಪಗಳು ಬಾನೆಟ್ಟಿನೊಳಗೆ ಮಲಗಿರುತ್ತವೆ. ಅವರು ಗುಂಡಿ ಒತ್ತಿ ಅವನ್ನು ಎಬ್ಬಿಸಿ, ಸಂದಿಯಲ್ಲಿ ಸಿಕ್ಕ ಎಲೆಯ ಚೂರನ್ನು ಬೆರಳಿನಿಂದ ತೆಗೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಮತ್ತೆ ಮಲಗಿಸುತ್ತಾರೆ.

ಯಾವ ಕಾರು ನೋಡಲಿ ಎಂದು ಕೇಳಿದ್ದಕ್ಕೆ ಹಿಂದೆ ಮುಂದೆ ನೋಡದೆ 'ಮಜ್ದಾ' ಎಂದುಬಿಟ್ಟರು. ನನಗೆ ಆ ಹೆಸರು ಗೊತ್ತಿದ್ದುದು ಶಾಲೆಯ ವ್ಯಾನಿನ ಮುಖದ ಮೇಲೆ ಬರೆದಿದ್ದ 'ಸ್ವರಾಜ್ ಮಜ್ದಾ' ಎಂಬ ಅಕ್ಷರಗಳಿಂದ ಮಾತ್ರ. ಅದೂ ಇದೂ ಒಂದೇ ಕಂಪನಿಯೇ? ಇದರ ಚರಿತ್ರೆ ಏನು? ಟೊಯೋಟಾ ಕೊಂಡವರು ಕಾರನ್ನು ಹೊಗಳುತ್ತಾರೆ, ಮಜ್ದಾ ಕೊಂಡವರು ಅದನ್ನು ಪ್ರೀತಿಸುತ್ತಾರೆ ಎಂದು ನನಗೆ ಅನ್ನಿಸಿದೆ. ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ದಾವಣಗೆರೆ ಗ್ಯಾರೇಜ್:

ತಾಯಿ, ನಿಮ್ಮ ಶಾಲೆಯ ವ್ಯಾನಿನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ನಲವತ್ತು ವರ್ಷ ಡೀಸೆಲ್ ಗಾಡಿಗಳ ಕೆಳಗೆ ಮಲಗಿ ಬದುಕಿದವನು ನಾನು.

1980ರ ದಶಕದಲ್ಲಿ ನಾಲ್ಕು ಜಪಾನೀ ಕಂಪನಿಗಳು ನಮ್ಮ ದೇಶದ ಕಂಪನಿಗಳ ಜೊತೆ ಕೈಜೋಡಿಸಿ ಸಣ್ಣ ಲಾರಿಗಳನ್ನು ತಂದವು: ಡಿಸಿಎಂ ಟೊಯೋಟಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ, ಸ್ವರಾಜ್ ಮಜ್ದಾ. ಪಂಜಾಬಿನಲ್ಲಿ ಸ್ವರಾಜ್ ಟ್ರ್ಯಾಕ್ಟರ್ ಮಾಡುತ್ತಿದ್ದವರೇ ಮಜ್ದಾದ ಜೊತೆ ಸೇರಿ ಆ ಕಂಪನಿ ಕಟ್ಟಿದ್ದು. ಅಲ್ಲಿಯವರೆಗೆ ನಮಗೆ ಲಾರಿ ಎಂದರೆ ದೊಡ್ಡ ಮೂಗಿನ ಭಾರೀ ಗಾಡಿ. ಇವು ಬಂದ ಮೇಲೆ ಪೇಟೆಯ ಓಣಿಯೊಳಕ್ಕೂ ಲಾರಿ ನುಗ್ಗುವಂತಾಯಿತು. ಸ್ವರಾಜ್ ಮಜ್ದಾದ ಕ್ಯಾಬಿನ್ ಎತ್ತಿದರೆ ನಾಲ್ಕು ಸಿಲಿಂಡರ್, ಸುಮಾರು ಮೂರೂವರೆ ಲೀಟರಿನ ಎಂಜಿನ್ ಕಾಣುತ್ತಿತ್ತು. ಟ್ಯಾಪೆಟ್, ಅಂದರೆ ವಾಲ್ವಿನ ಸಂದಿ, ಸೆಟ್ ಮಾಡಿ ಆ ಸಂದಿ ಅಳೆಯುವ ಫೀಲರ್ ಪಟ್ಟಿ ಎಳೆದರೆ ಬೆಣ್ಣೆಯಲ್ಲಿ ಚಾಕು ಎಳೆದಂತೆ ಬರಬೇಕು, ಅದೇ ಅಳತೆ. ಸರಿಯಾಗಿ ಕೂತರೆ ಎಂಜಿನ್ ಸದ್ದೇ ಬದಲಾಗುತ್ತಿತ್ತು. ಶಾಲೆ ವ್ಯಾನು, ಆಂಬುಲೆನ್ಸು, ಮದುವೆ ದಿಬ್ಬಣದ ಮಿನಿ ಬಸ್ಸು, ಎಲ್ಲದರಲ್ಲೂ ಅದಿತ್ತು.

ಆಮೇಲೆ ಮಜ್ದಾದವರು ತಮ್ಮ ಪಾಲು ಬಿಟ್ಟು ಹೋದರು. 2011ರಲ್ಲಿ ಆ ಕಂಪನಿಯ ಹೆಸರೇ ಎಸ್‌ಎಂಎಲ್ ಇಸುಜು ಎಂದಾಯಿತು. ಮಜ್ದಾ ಕಾರುಗಳು ನಮ್ಮ ದೇಶದ ಷೋರೂಮುಗಳಿಗೆ ಬರಲೇ ಇಲ್ಲ. ಕಾರಿನ ಕಥೆ ಬಲ್ಲವರು ಮುಂದುವರಿಸಿ, ನಾನೂ ಓದುತ್ತೇನೆ.

ಪದಮೂಲ:

ಹೆಸರಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು, ಏಕೆಂದರೆ ಇದು ನಮಗೆ ಹತ್ತಿರದ ಸಂಗತಿ. ಕಂಪನಿಯನ್ನು ಬೆಳೆಸಿದವರು ಜುಜಿರೋ ಮತ್ಸುದಾ. ಆ ಮನೆತನದ ಹೆಸರಿನ ದನಿಯೂ ಇದರಲ್ಲಿದೆ, ಜೊರಾಸ್ಟ್ರಿಯನ್ನರ (ನಮ್ಮ ಪಾರ್ಸಿಗಳ ಧರ್ಮದವರ) ದೇವರಾದ ಅಹುರ ಮಜ್ದಾನ ಹೆಸರೂ ಇದೆ. ಕಂಪನಿಯೇ ಹಾಗೆ ಹೇಳಿಕೊಂಡಿದೆ. ಅವರ ಧರ್ಮಗ್ರಂಥದ ಅವೆಸ್ತಾ ಭಾಷೆಯ 'ಅಹುರ' ನಮ್ಮ 'ಅಸುರ'. ಋಗ್ವೇದದಲ್ಲಿ ವರುಣನಂಥ ದೇವತೆಯನ್ನೂ ಗೌರವದಿಂದ ಅಸುರ ಎಂದು ಕರೆದಿದ್ದಾರೆ. 'ಮಜ್ದಾ' ಎಂಬುದು ಸಂಸ್ಕೃತದ 'ಮೇಧಾ' ಪದದ ಒಡಹುಟ್ಟು. ಮೇಧಾವಿ ಎನ್ನುತ್ತೇವಲ್ಲ, ಅದೇ. ನಿಮ್ಮ ಪಕ್ಕದ ಮನೆಯವರ ಕಾರಿನ ಮೂಗಿನ ಮೇಲೆ 'ಮೇಧಾ' ಎಂದು ಬರೆದಿದೆ ಎಂದುಕೊಂಡರೂ ತಪ್ಪಾಗುವುದಿಲ್ಲ.

ಸೇತೊ ಕಡಲ ದಂಡೆ:

ನಾನು ವಾಹನ ಬಿಡಿಭಾಗಗಳ ಕೆಲಸದ ಮೇಲೆ ನಾಲ್ಕು ವರ್ಷ ಹಿರೋಷಿಮಾದಲ್ಲಿದ್ದವನು. ಊರು ಹಾಸನದ ಕಡೆ. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ, ಆದ್ದರಿಂದ ಉದ್ದವಾಗಿ ಬರೆಯುತ್ತೇನೆ.

ಮಜ್ದಾವನ್ನು ತಿಳಿಯಬೇಕಾದರೆ ಮೊದಲು ಊರನ್ನು ತಿಳಿಯಬೇಕು. ಇದು 1920ರಲ್ಲಿ ಹಿರೋಷಿಮಾದಲ್ಲಿ ಬೆಂಡು, ಅಂದರೆ ಕಾರ್ಕ್ ಮಾಡುವ ಕಂಪನಿಯಾಗಿ ಹುಟ್ಟಿತು. ಹೆಸರು ತೋಯೋ ಕಾರ್ಕ್ ಕೋಗ್ಯೋ. ಜುಜಿರೋ ಮತ್ಸುದಾ ಮೀನುಗಾರರ ಮನೆಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಕಮ್ಮಾರಿಕೆ ಕಲಿತವರು. 1921ರಲ್ಲಿ ಅವರು ಕಂಪನಿಯ ಅಧ್ಯಕ್ಷರಾದರು. ಬೆಂಡಿನ ವ್ಯಾಪಾರ ಕೈಹಿಡಿಯಲಿಲ್ಲ, ಕಾರ್ಖಾನೆಗೆ ಬೆಂಕಿಯೂ ಬಿತ್ತು. ಕಮ್ಮಾರನ ಕೈ ಯಂತ್ರದ ಕಡೆಗೇ ಎಳೆಯಿತು. 1931ರಲ್ಲಿ ಮೂರು ಗಾಲಿಯ ಸರಕು ಗಾಡಿ ಹೊರಬಂತು, ಅದರ ಹೆಸರು 'ಮಜ್ದಾ ಗೋ'. ನಮ್ಮ ಗೂಡ್ಸ್ ಆಟೋದ ಅಜ್ಜ ಎನ್ನಿ: ಮುಂದೆ ಮೋಟಾರ್ ಬೈಕಿನಂತೆ ಹ್ಯಾಂಡಲ್, ಹಿಂದೆ ಸರಕು ತುಂಬುವ ತೊಟ್ಟಿ. ಕಂಪನಿಯ ಹೆಸರು ಅಧಿಕೃತವಾಗಿ ಮಜ್ದಾ ಎಂದಾದದ್ದು 1984ರಲ್ಲಿ. ಅಲ್ಲಿಯವರೆಗೆ ತೋಯೋ ಕೋಗ್ಯೋ.

ಈಗ 1945ರ ಆಗಸ್ಟ್ 6. ಅದು ಜುಜಿರೋ ಅವರ ಹುಟ್ಟುಹಬ್ಬ, ಎಪ್ಪತ್ತು ತುಂಬಿದ ದಿನ. ಬೆಳಿಗ್ಗೆಯೇ ನಗರದೊಳಗೆ ಕ್ಷೌರದ ಅಂಗಡಿಗೆ ಹೋಗಿ, ತಲೆ ಕತ್ತರಿಸಿಕೊಂಡು ಅಲ್ಲಿಂದ ಹೊರಟಿದ್ದರಿಂದ ಅವರು ಉಳಿದರು. ಕಾರ್ಖಾನೆ ಇದ್ದದ್ದು ಫುಚುವಿನಲ್ಲಿ, ಬಾಂಬು ಬಿದ್ದ ಜಾಗದಿಂದ ಸುಮಾರು 5 ಕಿಲೋಮೀಟರ್ ದೂರ. ನಡುವೆ ಹಿಜಿಯಾಮ ಎಂಬ ಗುಡ್ಡವಿದೆ. ನಾನು ಆ ಗುಡ್ಡ ಹತ್ತಿದ್ದೇನೆ. ಎತ್ತರ ಏನೇನೂ ಇಲ್ಲ, ನಮ್ಮ ಬೆಂಗಳೂರಿನ ಬ್ಯೂಗಲ್ ರಾಕ್‌ಗಿಂತ ಸ್ವಲ್ಪ ದೊಡ್ಡದು ಅನ್ನಿಸೀತು. ಅಷ್ಟು ಚಿಕ್ಕ ಗುಡ್ಡ ಅಡ್ಡ ನಿಂತು ಸ್ಫೋಟದ ಅಲೆಯನ್ನು ತಡೆಯಿತು. ಕಟ್ಟಡಗಳು ಉಳಿದವು. ಆದರೆ ಅಂದು ನಗರದೊಳಗೆ ಕೆಲಸಕ್ಕೆ ಹೋಗಿದ್ದ ಕಾರ್ಮಿಕರು ಹಿಂದಿರುಗಲಿಲ್ಲ.

ಊರೇ ಬೂದಿಯಾದಾಗ ಹಿರೋಷಿಮಾ ಪ್ರಾಂತ್ಯದ ಸರ್ಕಾರಿ ಕಚೇರಿಗೆ ಮೇಜು ಹಾಕಲು ಜಾಗವಿರಲಿಲ್ಲ. ಅದು ಬಂದು ಕುಳಿತದ್ದು ಇದೇ ಕಾರ್ಖಾನೆಯ ಕಟ್ಟಡದಲ್ಲಿ, ಸುಮಾರು ಒಂದು ವರ್ಷ ಕಾಲ. ಅದೇ ವರ್ಷದ ಡಿಸೆಂಬರಿನಲ್ಲಿ ಮೂರು ಗಾಲಿಯ ಗಾಡಿಗಳ ತಯಾರಿಕೆ ಮತ್ತೆ ಶುರುವಾಯಿತು. ನಾಲ್ಕೇ ತಿಂಗಳು! ಊರು ಕಟ್ಟಲು ಮರ, ಇಟ್ಟಿಗೆ, ಅಕ್ಕಿ ಹೊತ್ತು ತಿರುಗಿದ್ದು ಆ ಗಾಡಿಗಳೇ. ಹಿರೋಷಿಮಾದ ಜನ ಮಜ್ದಾವನ್ನು ಕಂಪನಿಯಂತೆ ಕಾಣುವುದಿಲ್ಲ, ಮನೆಯವರಂತೆ ಕಾಣುತ್ತಾರೆ ಎಂದರೆ ಕಾರಣ ಇಲ್ಲಿದೆ.

1960ರಲ್ಲಿ ಆರ್360 ಎಂಬ ಮೊದಲ ಪುಟ್ಟ ಕಾರು ಬಂತು, 356 ಸಿಸಿ ಎಂಜಿನ್, ಬೆಲೆ 3 ಲಕ್ಷ ಯೆನ್. ಚೆನ್ನಾಗಿಯೇ ಮಾರಿತು. ಅಷ್ಟರಲ್ಲಿ ಇನ್ನೊಂದು ಗಂಡಾಂತರ ಎದುರಾಯಿತು. ವಿದೇಶಿ ಕಾರುಗಳು ಒಳಬಂದರೆ ತಡೆದುಕೊಳ್ಳಲಾಗದು, ಸಣ್ಣ ಕಾರು ಕಂಪನಿಗಳು ದೊಡ್ಡವುಗಳಲ್ಲಿ ಸೇರಿಹೋಗಲಿ ಎಂಬ ಆಲೋಚನೆ ಜಪಾನ್ ಸರ್ಕಾರದ ಉದ್ಯಮ ಇಲಾಖೆಯಲ್ಲಿ ನಡೆದಿತ್ತು. ಜುಜಿರೋ ಅವರ ಮಗ ತ್ಸುನೆಜಿ ಮತ್ಸುದಾ ಆಗ ಅಧ್ಯಕ್ಷರು. ಬೇರೆ ಯಾರಲ್ಲೂ ಇಲ್ಲದ ಒಂದು ವಿದ್ಯೆ ತಮ್ಮಲ್ಲಿದ್ದರೆ ಮಾತ್ರ ಉಳಿಯುತ್ತೇವೆ ಎಂದುಕೊಂಡು ಅವರು ಜರ್ಮನಿಗೆ ಹೊರಟರು. ಅಲ್ಲಿ ಎನ್‌ಎಸ್‌ಯು ಎಂಬ ಕಂಪನಿ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ರೋಟರಿ ಎಂಜಿನ್ನನ್ನು ಬೆಳೆಸುತ್ತಿತ್ತು. 1961ರಲ್ಲಿ ಒಪ್ಪಂದ ಆಯಿತು.

ಮುಂದಿನದು ನಾಳೆ ಬರೆಯುತ್ತೇನೆ.

ಮೆಲ್ಬರ್ನ್‌ನಲ್ಲಿರುವ ಶಿವಮೊಗ್ಗದವಳು:

ಹಿಜಿಯಾಮ ಗುಡ್ಡದ ವಿಷಯ ಓದಿ ಸುಮ್ಮನೆ ಕೂತುಬಿಟ್ಟೆ. ಧನ್ಯವಾದ ಸರ್. ಆದರೆ ಈ ರೋಟರಿ ಎಂಜಿನ್ ಎಂದರೆ ಏನು? ನಾನು ವಾಣಿಜ್ಯ ಓದಿದವಳು, ಸುಲಭವಾಗಿ ಹೇಳಿ.

ಎಂಜಿನ್ ಪಾಠ:

ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳುತ್ತೇನೆ, ಈ ಪ್ರಶ್ನೆ ನನ್ನದು.

ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಪ್ರತಿ ತುದಿಯಲ್ಲೂ ಅದು ನಿಂತು ಹಿಂದಿರುಗಬೇಕು, ಅದರಿಂದಲೇ ನಡುಕ ಹುಟ್ಟುವುದು. ರೋಟರಿಯಲ್ಲಿ ನಿಲ್ಲುವ ಮಾತೇ ಇಲ್ಲ. ಅಜ್ಜಿಯ ಮನೆಯ ರುಬ್ಬುವ ಕಲ್ಲನ್ನು ನೆನಪಿಸಿಕೊಳ್ಳಿ: ಗುಂಡು ತಾನೂ ತಿರುಗುತ್ತದೆ, ತಿರುಗುತ್ತಲೇ ಕುಳಿಯ ಗೋಡೆಗುಂಟ ಸುತ್ತುತ್ತದೆ. ಗುಂಡಿನ ಜಾಗದಲ್ಲಿ ಬದಿಗಳು ಉಬ್ಬಿದ ಒಂದು ತ್ರಿಕೋನ ಇಡಿ. ಕುಳಿಯನ್ನು ರೇಷ್ಮೆಗೂಡಿನ ಹಾಗೆ ನಡುವೆ ತುಸು ಒತ್ತಿದ ಆಕಾರಕ್ಕೆ ತನ್ನಿ. ಜಪಾನೀಯರೂ ಅದನ್ನು ರೇಷ್ಮೆಗೂಡಿನ ಆಕಾರ ಎಂದೇ ಕರೆಯುತ್ತಾರೆ. ತ್ರಿಕೋನದ ಮೂರು ಮೂಲೆಗಳೂ ಸದಾ ಗೋಡೆಯನ್ನು ಮುಟ್ಟಿಕೊಂಡೇ ಇರುತ್ತವೆ. ಹೀಗಾಗಿ ಗೋಡೆಗೂ ತ್ರಿಕೋನಕ್ಕೂ ನಡುವೆ ಮೂರು ಕೋಣೆಗಳು. ತಿರುಗಿದಂತೆ ಪ್ರತಿ ಕೋಣೆ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಕೋಣೆ ಪೆಟ್ರೋಲ್ ಗಾಳಿಯನ್ನು ಎಳೆದುಕೊಳ್ಳುತ್ತಿರುವಾಗ ಇನ್ನೊಂದು ಅದುಮಿ ಉರಿಸುತ್ತಿರುತ್ತದೆ, ಮತ್ತೊಂದು ಹೊಗೆಯನ್ನು ಹೊರಗಟ್ಟುತ್ತಿರುತ್ತದೆ. ತ್ರಿಕೋನ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗುತ್ತದೆ. ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಅಂಗೈ ಅಗಲದ ಎಂಜಿನ್ನಿನಿಂದ ಭಾರೀ ಶಕ್ತಿ, ಅದೂ ಹೊಲಿಗೆ ಯಂತ್ರದಷ್ಟು ನಯವಾಗಿ.

ದಾವಣಗೆರೆ ಗ್ಯಾರೇಜ್:

ಮೇಷ್ಟರೇ, ಒಂದು ಸಂದೇಹ. ಪಿಸ್ಟನ್ನಿಗೆ ರಿಂಗ್ ಇರುತ್ತದೆ, ದುಂಡಗಿರುವುದರಿಂದ ಸುತ್ತಲೂ ಸಮವಾಗಿ ಒತ್ತಿಕೊಂಡು ಕೂರುತ್ತದೆ. ಈ ತ್ರಿಕೋನದ ಮೂಲೆಯಲ್ಲಿ ಗಾಳಿ ಸೋರದ ಹಾಗೆ ಏನು ಕೂರಿಸುತ್ತಾರೆ? ಅಲ್ಲಿ ಬರೀ ಗೆರೆಯಷ್ಟು ಜಾಗ. ಉಜ್ಜಿ ಉಜ್ಜಿ ಗೋಡೆಯೇ ಸವೆದುಹೋಗುವುದಿಲ್ಲವೇ?

ಎಂಜಿನ್ ಪಾಠ:

ಅಣ್ಣಾ, ಇಡೀ ಜರ್ಮನಿ ಜಪಾನುಗಳ ಎಂಜಿನಿಯರುಗಳು ಮುಗ್ಗರಿಸಿದ ಕಲ್ಲಿನ ಮೇಲೆ ನೀವು ನೇರವಾಗಿ ಬೆರಳಿಟ್ಟಿದ್ದೀರಿ. ಅಲ್ಲಿ ಕೂರುವುದು ಅಪೆಕ್ಸ್ ಸೀಲ್ ಎಂಬ ಸಣ್ಣ ಪಟ್ಟಿ. ಅದು ಓಡುವಾಗ ಅದುರಿ, ಒಳಗೋಡೆಯ ಮೇಲೆ ಅಡ್ಡಡ್ಡ ಗೀರು ಎಳೆಯುತ್ತಿತ್ತು. ತೊಳೆಯುವ ಹಲಗೆಯ ಮೇಲಿನ ಏಣುಗಳ ಹಾಗೆ, ಸಾಲುಸಾಲಾಗಿ. ಹಿರೋಷಿಮಾದವರು ಅದಕ್ಕಿಟ್ಟ ಹೆಸರು 'ದೆವ್ವದ ಉಗುರಿನ ಗುರುತು'.

ಸೇತೊ ಕಡಲ ದಂಡೆ:

ಆ ದೆವ್ವವನ್ನು ಬಿಡಿಸಿದವರ ಕಥೆ ಕೇಳಿ.

1963ರಲ್ಲಿ ರೋಟರಿಗಾಗಿಯೇ ಒಂದು ವಿಭಾಗ ತೆರೆದರು. ಮುಖ್ಯಸ್ಥರು ಕೆನಿಚಿ ಯಾಮಾಮೊಟೊ. ಹಿರೋಷಿಮಾದಲ್ಲಿ ಬೆಳೆದವರು, ಬಾಂಬಿನಲ್ಲಿ ತಂಗಿಯನ್ನು ಕಳೆದುಕೊಂಡವರು. ಯುದ್ಧ ಮುಗಿದ ಮೇಲೆ ಇದೇ ಕಾರ್ಖಾನೆಯಲ್ಲಿ ಗೇರ್ ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಸೇರಿ ಮೇಲೆ ಬಂದವರು. ಅವರೂ ಸೇರಿ ತಂಡದಲ್ಲಿ 47 ಮಂದಿ. ಜಪಾನಿನಲ್ಲಿ 47 ಎಂಬ ಸಂಖ್ಯೆ ಕೇಳಿದರೆ ಸಾಕು, ಒಡೆಯನಿಗಾಗಿ ಹಲ್ಲುಕಚ್ಚಿ ಕಾದು ಪ್ರಾಣ ತೆತ್ತ 47 ಸಮುರಾಯ್‌ಗಳ ಕಥೆ ಮಕ್ಕಳಿಗೂ ನೆನಪಾಗುತ್ತದೆ. ಯಾಮಾಮೊಟೊ ತಮ್ಮ ತಂಡಕ್ಕೆ ಹೇಳಿದ್ದೂ ಆ ಕಥೆಯನ್ನೇ: ನಿದ್ದೆಯಲ್ಲೂ ಎಚ್ಚರದಲ್ಲೂ ಈ ಎಂಜಿನ್ನನ್ನೇ ಚಿಂತಿಸಿ ಎಂದು.

ಸೀಲಿಗೆ ಬಗೆಬಗೆಯ ಲೋಹ, ಬಗೆಬಗೆಯ ಆಕಾರ ಇಟ್ಟು ನೋಡಿದರು. ಪಟ್ಟಿಯ ತುದಿಯ ಬಳಿ ಅಡ್ಡಕ್ಕೂ ಉದ್ದಕ್ಕೂ ರಂಧ್ರ ಕೊರೆದು ಅದರ ಅದುರುವ ಗುಣವನ್ನೇ ಬದಲಿಸಿದಾಗ ಗೀರು ನಿಂತಿತು. ಕೊನೆಗೆ ಇಂಗಾಲಕ್ಕೆ ಅಲ್ಯೂಮಿನಿಯಂ ಸೇರಿಸಿದ ಸೀಲ್ ಕಾರಿಗೆ ಕೂತಿತು. ಹಿರೋಷಿಮಾದ ಕಂಪನಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ರೋಟರಿಗಳನ್ನು ಸೀಳಿ ಇಟ್ಟಿದ್ದಾರೆ. ನಾನು ಗಾಜಿಗೆ ಮೂಗು ತಾಗಿಸಿ ನಿಂತು ನೋಡಿದೆ. ಆ ಸೀಲು ನನ್ನ ಕಿರುಬೆರಳಿಗಿಂತ ತೆಳ್ಳಗಿತ್ತು. ಒಂದು ಕಂಪನಿ, ಒಂದು ಊರು, ಇಷ್ಟು ಸಣ್ಣ ಪಟ್ಟಿಯ ಮೇಲೆ ನಿಂತಿತ್ತಲ್ಲ ಎಂದು ಮೈ ಜುಮ್ಮೆಂದಿತು.

1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬಂತು. ಎರಡು ರೋಟರ್ (ಮೇಷ್ಟರು ಹೇಳಿದ ತ್ರಿಕೋನಗಳೇ), ಒಟ್ಟು 982 ಸಿಸಿ, 110 ಅಶ್ವಶಕ್ತಿ. ಬಿಳಿಯ, ತಗ್ಗಿನ, ಬಾಲ ನೀಳವಾದ ಕಾರು; ಆಕಾಶದಿಂದ ಇಳಿದಂತೆ ಕಾಣುತ್ತದೆ. ಐದು ವರ್ಷಗಳಲ್ಲಿ ಮಾಡಿದ್ದು 1,176 ಮಾತ್ರ. 1968ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ 84 ಗಂಟೆ ಬಿಡದೆ ಓಡಿಸುವ ಪಂದ್ಯಕ್ಕೆ ಎರಡು ಕಾಸ್ಮೊಗಳನ್ನು ಕಳಿಸಿದರು. ಒಂದು 82ನೇ ಗಂಟೆಯಲ್ಲಿ ಕೈಕೊಟ್ಟಿತು. ಇನ್ನೊಂದು ನಾಲ್ಕನೆಯದಾಗಿ ಮುಗಿಸಿತು. ವಾಂಕೆಲ್‌ನ ನಾಡಿನಲ್ಲೇ!

ಲೆಕ್ಕದ ಮನುಷ್ಯ:

ಎಲ್ಲರೂ ಭಾವುಕರಾಗಿ ಬರೆಯುತ್ತಿದ್ದೀರಿ. ಓದಲು ಚೆನ್ನಾಗಿದೆ, ಆದರೆ ಕಾರು ಕೊಳ್ಳಲು ಹೊರಟ ಹೆಣ್ಣುಮಗಳಿಗೆ ಪೂರ್ತಿ ಸತ್ಯ ಹೇಳಬೇಕಲ್ಲವೇ?

ರೋಟರಿಗೆ ಹೊಟ್ಟೆಬಾಕತನ ಹುಟ್ಟುಗುಣ. ಉರಿಯುವ ಕೋಣೆ ಉದ್ದವಾಗಿ ಚಪ್ಪಟೆಯಾಗಿರುವುದರಿಂದ ಶಾಖವೆಲ್ಲ ಗೋಡೆಗೆ ಹೋಗುತ್ತದೆ, ಇಂಧನ ಪೂರ್ತಿ ಉರಿಯುವುದಿಲ್ಲ. ಸೀಲಿಗೆ ಜಿಡ್ಡು ಬೇಕೆಂದು ಎಂಜಿನ್ ಆಯಿಲನ್ನೂ ಸ್ವಲ್ಪಸ್ವಲ್ಪ ಸುಡುತ್ತಾ ಇರಬೇಕು, ವಿನ್ಯಾಸವೇ ಹಾಗೆ. 1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಅಮೆರಿಕ ಸರ್ಕಾರದ ಪರೀಕ್ಷೆಯಲ್ಲಿ ಮಜ್ದಾದ ರೋಟರಿ ಕಾರು ನಗರದ ಓಡಾಟದಲ್ಲಿ ಲೀಟರಿಗೆ ನಾಲ್ಕೂವರೆ ಕಿಲೋಮೀಟರಿನ ಆಸುಪಾಸು ಕೊಟ್ಟಿತು. ಮಾರಾಟ ನೆಲಕಚ್ಚಿತು. ಸುಮಿತೊಮೊ ಬ್ಯಾಂಕ್ ಬಂದು ಎತ್ತಬೇಕಾಯಿತು. ಮತ್ಸುದಾ ಕುಟುಂಬ ಅಧ್ಯಕ್ಷ ಪದವಿ ಬಿಟ್ಟಿತು. 1979ರಲ್ಲಿ ಫೋರ್ಡ್ ಕಾಲುಭಾಗದ ಪಾಲು ಕೊಂಡಿತು. ಆಮೇಲೆ ಸಂಪತ್ತು ಉಕ್ಕಿದ ಕಾಲದಲ್ಲಿ ಜಪಾನಿನಲ್ಲೇ ಐದು ಬೇರೆಬೇರೆ ಮಾರಾಟ ಜಾಲ ತೆರೆದು ಮತ್ತೆ ಕೈಸುಟ್ಟುಕೊಂಡರು. 1996ರಲ್ಲಿ ಫೋರ್ಡ್ ತನ್ನ ಪಾಲನ್ನು 33.4 ಶೇಕಡಾಕ್ಕೆ ಏರಿಸಿ ತನ್ನ ಮನುಷ್ಯನನ್ನೇ ಅಧ್ಯಕ್ಷನನ್ನಾಗಿ ಕೂರಿಸಿತು. ಒಂದು ಎಂಜಿನ್ನಿನ ಮೋಹಕ್ಕೆ ತೆತ್ತ ಬೆಲೆ ಇದು. ಇದನ್ನು ಹಠ ಎನ್ನಲೋ, ಮೊಂಡುತನ ಎನ್ನಲೋ ನೀವೇ ಹೇಳಿ.

ಕೊಲ್ಲಿಯಿಂದ ಮರಳಿದವನು:

ಮಸ್ಕತ್ತಿನಲ್ಲಿ ನಾನು ಕೊಂಡ ಮೊದಲ ಕಾರು ಮಜ್ದಾ 323, ಮೂರನೆಯ ಕೈಯದ್ದು. ರೋಟರಿಯಲ್ಲ, ಸಾದಾ ಪೆಟ್ರೋಲ್ ಎಂಜಿನ್. ಗುರುವಾರ ರಾತ್ರಿ ಆರು ಜನ ಮಂಗಳೂರಿನವರು ಅದರಲ್ಲಿ ತುಂಬಿಕೊಂಡು ಸೂರ್‌ವರೆಗೆ ಹೋಗುತ್ತಿದ್ದೆವು. ಅದೇ 323ನ್ನು ಜಪಾನಿನಲ್ಲಿ ಫಮೀಲಿಯಾ ಎಂದು ಮಾರುತ್ತಿದ್ದರು. ಅಲ್ಲಿ 'ವರ್ಷದ ಕಾರು' ಪ್ರಶಸ್ತಿ ಶುರುವಾದಾಗ ಮೊಟ್ಟಮೊದಲು ಗೆದ್ದದ್ದು ಅದೇ, 1980ರಲ್ಲಿ. ಲೆಕ್ಕದ ಸಾರ್, ಕಂಪನಿಯನ್ನು ಸಾಲದಿಂದ ಎತ್ತಿದ್ದೂ ಇಂಥ ಸಾಧು ಕಾರುಗಳೇ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸೇತೊ ಕಡಲ ದಂಡೆ:

ಲೆಕ್ಕದವರು ಬರೆದ ಒಂದು ಸಾಲನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕಷ್ಟದ ವರ್ಷಗಳಲ್ಲಿ ಊರು ಏನು ಮಾಡಿತು ಎಂಬುದು ನಿಮ್ಮ ಲೆಕ್ಕದಲ್ಲಿಲ್ಲ.

ಕಂಪನಿ ಜನರನ್ನು ಮನೆಗೆ ಕಳಿಸುವ ಬದಲು ಸಾವಿರಾರು ಕಾರ್ಮಿಕರನ್ನು ಕಾರು ಮಾರಲು ಊರೂರಿಗೆ ಕಳಿಸಿತು. ಅಲ್ಲಿಯವರೆಗೆ ಬೋಲ್ಟ್ ಬಿಗಿಯುತ್ತಿದ್ದವರು ಅಪರಿಚಿತರ ಮನೆಯ ಬಾಗಿಲು ತಟ್ಟಿದರು. ಹಿರೋಷಿಮಾದ ಅಂಗಡಿಯವರು, ಕಾರ್ಖಾನೆಯವರು, ಬ್ಯಾಂಕಿನವರು ಸಂಘ ಕಟ್ಟಿಕೊಂಡು ನಮ್ಮೂರ ಕಾರನ್ನೇ ಕೊಳ್ಳಿ ಎಂದು ಕೇಳಿಕೊಂಡರು. ಊರಿಗೊಂದು ಬೇಸ್‌ಬಾಲ್ ತಂಡವಿದೆ, ಹಿರೋಷಿಮಾ ತೋಯೋ ಕಾರ್ಪ್. ಆ 'ತೋಯೋ' ಇದೇ ತೋಯೋ ಕೋಗ್ಯೋ. ಹಿಂದೊಮ್ಮೆ ತಂಡದ ಬಳಿ ದುಡ್ಡಿಲ್ಲದಾಗ ಮೈದಾನದ ಬಾಗಿಲಲ್ಲಿ ಪೀಪಾಯಿ ಇಟ್ಟಿದ್ದರು. ಬಾಂಬಿನಲ್ಲಿ ಎಲ್ಲ ಕಳೆದುಕೊಂಡ ಜನ ಅದರೊಳಗೆ ಚಿಲ್ಲರೆ ಹಾಕಿ ತಂಡವನ್ನು ಉಳಿಸಿಕೊಂಡರು. ಕಂಪನಿ ನಷ್ಟದಲ್ಲಿ ನರಳುತ್ತಿದ್ದ 1975ರಲ್ಲೇ ಆ ತಂಡ ಕೆಂಪು ಟೋಪಿ ತೊಟ್ಟು ಮೊದಲ ಬಾರಿಗೆ ಲೀಗ್ ಗೆದ್ದಿತು. ಕಾರ್ಪ್ ಪಂದ್ಯವಿದ್ದ ಸಂಜೆ ಟ್ರಾಮಿನಲ್ಲಿ ಅಜ್ಜಿಯರೂ ಕೆಂಪು ಅಂಗಿ ತೊಟ್ಟು ಕೂತಿರುವುದನ್ನು ನಾನು ನೋಡಿದ್ದೇನೆ.

ರೋಟರಿಯನ್ನು ಬಿಟ್ಟುಬಿಡುವುದು ಸುಲಭವಿತ್ತು. ದೊಡ್ಡ ದೊಡ್ಡ ಕಂಪನಿಗಳೇ ಕೈಬಿಟ್ಟವು. ಇವರು ಬದಲಿಗೆ ಇಂಧನದ ಬಳಕೆಯನ್ನು ಶೇಕಡಾ 40 ಸುಧಾರಿಸುವ ಯೋಜನೆ ಹಾಕಿ ಅದಕ್ಕೆ 'ಫೀನಿಕ್ಸ್' (ಬೂದಿಯಿಂದ ಮತ್ತೆ ಎದ್ದು ಬರುವ ಕಥೆಯ ಹಕ್ಕಿ) ಎಂದು ಹೆಸರಿಟ್ಟರು. ಆ ಊರಿನವರು ಆ ಹೆಸರನ್ನು ಬಾಯಿಮಾತಿಗೆ ಇಡಲಾರರು. 1978ರಲ್ಲಿ ರೋಟರಿ ಎಂಜಿನ್ನಿನ ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-7 ಬಂತು, ಲೋಕವೇ ತಿರುಗಿ ನೋಡಿತು.

ಇನ್ನು ಲ ಮಾನ್. ಫ್ರಾನ್ಸಿನ 24 ಗಂಟೆಯ ಓಟದಲ್ಲಿ ಇವರು ವರ್ಷಗಟ್ಟಲೆ ಸೋತರು. 1991ರ ಜೂನಿನಲ್ಲಿ ಕಿತ್ತಳೆ ಹಸಿರು ಬಣ್ಣದ 787ಬಿ, ಸಂಖ್ಯೆ 55, ನಾಲ್ಕು ರೋಟರಿನ ಎಂಜಿನ್. ಭಾನುವಾರ ಮಧ್ಯಾಹ್ನದವರೆಗೆ ಮರ್ಸಿಡಿಸ್ ಮುಂದಿತ್ತು. ಕೊನೆಯ ಮೂರು ಗಂಟೆಗಳಷ್ಟೇ ಉಳಿದಿರುವಾಗ ಅದು ಬಿಸಿಯೇರಿ ನಿಂತಿತು. 55 ಮುಂದೆ ಬಂದು 362 ಸುತ್ತು ಮುಗಿಸಿತು. ಕೊನೆಯ ಪಾಳಿ ಓಡಿಸಿದ ಜಾನಿ ಹರ್ಬರ್ಟ್ ನೀರು ಬತ್ತಿ ಕುಸಿದು, ಗೆದ್ದವರ ವೇದಿಕೆ ಹತ್ತಲೂ ಆಗಲಿಲ್ಲ. ಜಪಾನಿನ ಕಂಪನಿಯೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಎರಡನೆಯವರಾಗಿ ಟೊಯೋಟಾ ಗೆಲ್ಲಲು 2018 ಬರಬೇಕಾಯಿತು.

ಲೆಕ್ಕದ ಮನುಷ್ಯ:

ಲ ಮಾನ್ ಬಗ್ಗೆ ಒಂದು ತಿದ್ದುಪಡಿ. ಅಂದು ಎದುರಾಳಿಗಳ ಕಾರುಗಳು ಕನಿಷ್ಠ 1,000 ಕಿಲೋ ತೂಗಬೇಕಿತ್ತು, 787ಬಿಗೆ 830 ಕಿಲೋ ಸಾಕೆಂದು ಅನುಮತಿ ಸಿಕ್ಕಿತ್ತು. ತಂಡದವರು ಮೊದಲೇ ಹೋಗಿ ವಾದಿಸಿ ಪಡೆದ ರಿಯಾಯಿತಿ ಅದು. ಗೆಲುವಿನ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಕಾಗದದ ಮೇಲಿನ ಜಾಣತನವೂ ಓಟದ ಭಾಗವೇ. ಆದರೆ ಹೇಳದೆ ಬಿಡಬಾರದು.

ಕಾರ್ಮಿಕರು ಬಾಗಿಲು ತಟ್ಟಿದ ಸಂಗತಿ ನನಗೆ ಗೊತ್ತಿರಲಿಲ್ಲ. ಅದನ್ನು ಓದಿದ ಮೇಲೆ 'ಮೊಂಡುತನ' ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.

ಹುಬ್ಬಳ್ಳಿ ಟು ಕ್ಯಾಲಿಫೋರ್ನಿಯಾ:

ಅಕ್ಕಾ, ನಿಮ್ಮ ಪಕ್ಕದ ಮನೆಯವರ ಕೆಂಪು ಕಾರು ಎಂಎಕ್ಸ್-5. ನಾವು ಅಮೆರಿಕದಲ್ಲಿ ಮಿಯಾಟಾ ಎನ್ನುತ್ತೇವೆ. ನನ್ನ ಬಳಿಯೂ ಒಂದಿದೆ, 1994ರದ್ದು, ಕಪ್ಪು.

ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ 1970ರ ದಶಕದ ಕೊನೆಯಲ್ಲಿ ಇದೇ ಯಾಮಾಮೊಟೊ ಅವರೆದುರು ಕೂತು, ಹಳೆಯ ಬ್ರಿಟಿಷ್ ಪುಟಾಣಿ ತೆರೆದ ಕಾರುಗಳು ಈಗ ಯಾರೂ ಮಾಡುತ್ತಿಲ್ಲ, ನೀವು ಮಾಡಿ ಎಂದು ಹೇಳಿದ. ಆಮೇಲೆ ಅವನೇ ಮಜ್ದಾಕ್ಕೆ ಕೆಲಸಕ್ಕೆ ಸೇರಿದ. 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಾರು ಬಂತು. 1,600 ಸಿಸಿಯ ಸಾದಾ ಎಂಜಿನ್, ಒಂದು ಟನ್ನಿಗೂ ಕಡಿಮೆ ತೂಕ. 2016ರಲ್ಲಿ ಹತ್ತು ಲಕ್ಷನೆಯ ಕಾರು ಹೊರಬಿತ್ತು. ಎರಡು ಸೀಟಿನ ತೆರೆದ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೊಂದಿಲ್ಲ.

ಜಪಾನೀಯರಲ್ಲಿ 'ಜಿಂಬಾ ಇತ್ತಾಯಿ' ಎಂಬ ಮಾತಿದೆ: ಕುದುರೆ, ಸವಾರ ಒಂದೇ ದೇಹ ಎಂದು. ಓಡುವ ಕುದುರೆಯ ಮೇಲಿಂದ ಬಾಣ ಬಿಡುವವರ ಮಾತು. ಈ ಕಾರನ್ನು ಆ ಮಾತಿಟ್ಟುಕೊಂಡೇ ಕಟ್ಟಿದರು. ಗೇರ್ ಪೆಟ್ಟಿಗೆಯಿಂದ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಒಂದು ಅಲ್ಯೂಮಿನಿಯಂ ತೊಲೆ ಹಾಯಿಸಿ ಎರಡನ್ನೂ ಬಿಗಿದಿದ್ದಾರೆ. ಹಾಗಾಗಿ ಕಾಲು ಎತ್ತಿದರೂ ಒತ್ತಿದರೂ ನಡುವೆ ಸಡಿಲು ಇರುವುದಿಲ್ಲ. ಗೇರ್ ಹಿಡಿ ನಿಂಬೆಹಣ್ಣಿನಷ್ಟು ಇದೆ. ಎರಡರಿಂದ ಮೂರಕ್ಕೆ ಹಾಕಲು ಮಣಿಕಟ್ಟು ಆಡಿಸಿದರೆ ಸಾಕು, ತೋಳು ಎತ್ತಬೇಕಿಲ್ಲ. ಬೆಳಗಿನ ಆರಕ್ಕೆ ಸಮುದ್ರದ ಪಕ್ಕದ ತಿರುವು ರಸ್ತೆಯಲ್ಲಿ ಹೊರಟರೆ ಗಂಟೆಗೆ 60 ಕಿಲೋಮೀಟರಿನಲ್ಲೇ ಮನಸ್ಸು ಹಾರುತ್ತದೆ. ವೇಗದ ಕಾರಲ್ಲ ಇದು. ಸಂತೋಷದ ಕಾರು.

ಎಂಜಿನ್ ಪಾಠ:

ಈಗಿನ ಮಜ್ದಾ ಬಗ್ಗೆಯೂ ಹೇಳಬೇಕು, ಏಕೆಂದರೆ ತಂಗಿ ಕೊಳ್ಳುವುದು ಅದನ್ನೇ. ಫೋರ್ಡ್ 2008ರಿಂದ ಪಾಲು ಮಾರತೊಡಗಿತು, ಇವರು ಮತ್ತೆ ಸ್ವಂತ ಕಾಲ ಮೇಲೆ ನಿಲ್ಲಬೇಕಾಯಿತು. ಬೇರೆಯವರೆಲ್ಲ ವಿದ್ಯುತ್ ಮೋಟಾರು, ಸಣ್ಣ ಟರ್ಬೊ ಎಂದು ಓಡುತ್ತಿದ್ದಾಗ ಇವರು ಹಳೆಯ ಪೆಟ್ರೋಲ್ ಎಂಜಿನ್ನನ್ನೇ ಮೊದಲಿನಿಂದ ಯೋಚಿಸಿದರು. ಸ್ಕೈಆಕ್ಟಿವ್ ಎಂಬ ಹೆಸರಿನಲ್ಲಿ, 2011ರ ಸುಮಾರಿಗೆ, ಪೆಟ್ರೋಲನ್ನು 14ಕ್ಕೆ 1ರಷ್ಟು ಅದುಮುವ ಎಂಜಿನ್ ತಂದರು. ನನ್ನ ತರಗತಿಯಲ್ಲಿ ಹತ್ತು ಹನ್ನೊಂದು ದಾಟಿದರೆ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಎಂಜಿನ್ ಕುಟ್ಟುತ್ತದೆ ಎಂದು ಹೇಳಿಕೊಡುತ್ತಿದ್ದ ಕಾಲ ಅದು! ಇವರು ಹೊಗೆಯ ಕೊಳವೆಗಳನ್ನು ಉದ್ದ ಮಾಡಿ, ಸಿಲಿಂಡರಿನಲ್ಲಿ ಬಿಸಿ ಹೊಗೆ ಉಳಿಯದ ಹಾಗೆ ಎಳೆದು ಹಾಕಿದರು. ಉಳಿದ ಬಿಸಿಯೇ ಕುಟ್ಟುವಿಕೆಯ ಮೂಲವಲ್ಲವೇ? ಡೀಸೆಲನ್ನು ಮಾತ್ರ ಉಲ್ಟಾ, ಸಾಮಾನ್ಯಕ್ಕಿಂತ ಕಡಿಮೆ ಅದುಮಿ ಅದೇ 14ಕ್ಕೆ ಇಳಿಸಿದರು. ಒತ್ತಡ ತಗ್ಗಿದ್ದರಿಂದ ಎಂಜಿನ್ ಹಗುರವಾಯಿತು. ರೋಟರಿಯ ದೆವ್ವದೊಡನೆ ಸೆಣಸಿದವರ ಮನೆಯಿಂದಲ್ಲದೆ ಇಂಥ ಕೆಲಸ ಬರುವುದು ಕಷ್ಟ.

ರೋಟರಿ ಆರ್‌ಎಕ್ಸ್-8 ಕಾರಿನ ಜೊತೆ 2012ರಲ್ಲಿ ನಿಂತಿತು. 2023ರಲ್ಲಿ ಎಂಎಕ್ಸ್-30 ಎಂಬ ವಿದ್ಯುತ್ ಕಾರಿನಲ್ಲಿ ಒಂದೇ ರೋಟರಿನ 830 ಸಿಸಿ ಎಂಜಿನ್ ಮರಳಿ ಬಂತು, ಈ ಬಾರಿ ಗಾಲಿ ತಿರುಗಿಸಲು ಅಲ್ಲ, ಬ್ಯಾಟರಿಗೆ ವಿದ್ಯುತ್ ಮಾಡಿಕೊಡಲು.

ಮೆಲ್ಬರ್ನ್‌ನಲ್ಲಿರುವ ಶಿವಮೊಗ್ಗದವಳು:

ಎಲ್ಲರ ಬರಹವನ್ನೂ ಎರಡೆರಡು ಬಾರಿ ಓದಿದೆ. ಪಕ್ಕದ ಮನೆಯವರಿಗೆ ಹಿಜಿಯಾಮ ಗುಡ್ಡದ ಕಥೆ ಹೇಳಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಾರನ್ನು ಸಾಕಿದವರಿಗೆ ಅದು ಗೊತ್ತಿರಲಿಲ್ಲ. ಬಟ್ಟೆ ಹಿಡಿದ ಕೈ ಹಾಗೇ ನಿಂತಿತು.

ನಿನ್ನೆ ಒಬ್ಬ ಮಾರಾಟಗಾರರ ಬಳಿ 2016ರ ಮಜ್ದಾ 3 ಓಡಿಸಿ ನೋಡಿದೆ. ಇಲ್ಲಿ 2011, 2012ರಲ್ಲಿ ಇಡೀ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು ಅದಂತೆ. ಒಂದು ಸಂಗತಿ ಗಮನಿಸಿದೆ: ಅದರ ಆಕ್ಸಿಲರೇಟರ್ ಮೇಲಿಂದ ತೂಗಾಡುವುದಿಲ್ಲ, ಹಾರ್ಮೋನಿಯಂ ತಿದಿಯ ಹಾಗೆ ನೆಲದಿಂದಲೇ ಎದ್ದಿದೆ. ಹಿಮ್ಮಡಿ ಊರಿ ಕೂತರೆ ಪಾದ ತಾನಾಗಿ ಅದರ ಮೇಲೆ ಒರಗುತ್ತದೆ, ಎಷ್ಟು ಒತ್ತಿದೆನೋ ಅಷ್ಟೇ ಹೋಗುತ್ತದೆ. ಹೊಸ ಊರಿನ ರಸ್ತೆಗೆ ಹೆದರುತ್ತಿದ್ದವಳು ಹತ್ತು ನಿಮಿಷದಲ್ಲಿ ಭುಜ ಸಡಿಲಿಸಿದೆ. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ತೆಗೆದುಕೊಳ್ಳೋಣ ಎಂದಿದ್ದೇನೆ.

ದಾವಣಗೆರೆ ಗ್ಯಾರೇಜ್:

ಒಳ್ಳೆಯದು ತಾಯಿ. ದುಡ್ಡು ಕೊಡುವ ಮುಂಚೆ ಇಷ್ಟು ಮಾಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಆಯಿಲ್ ಮುಚ್ಚಳ ಬಿಚ್ಚಿ ಅದರ ಒಳಭಾಗ ನೋಡಿ. ಹಾಲಿನ ಕೆನೆಯಂಥದ್ದು ಅಂಟಿದ್ದರೆ ಬೇಡ. ಸರ್ವಿಸ್ ಪುಸ್ತಕದಲ್ಲಿ ಮುದ್ರೆಗಳು ವರ್ಷ ಬಿಡದೆ ಇವೆಯೇ ಎಣಿಸಿ. ನಾಲ್ಕೂ ಟೈರು ಒಂದೇ ಸಮ ಸವೆದಿವೆಯೇ ಎಂದು ಅಂಗೈ ಆಡಿಸಿ ನೋಡಿ. ಆಮೇಲೆ ಬಾನೆಟ್ ತೆರೆದು ಆ ಎಂಜಿನ್ನಿನ ಒಂದು ಫೋಟೋ ಇಲ್ಲಿ ಹಾಕಿ. ಮೇಷ್ಟರು ಹೇಳಿದ ಉದ್ದ ಕೊಳವೆಗಳನ್ನು ನಾನು ಕಣ್ಣಾರೆ ನೋಡಬೇಕು.